ಒರಗಿ ಕುಳಿತು ಉಣ್ಣುವ ಹೆಂಗಸು

ನಮ್ಮ ಮನೆಯ ಗೋಡೆಯ ಮೇಲಿರುವ ನನ್ನ ಹೆಂಡತಿಗೆ ಕಣ್ಣು ಕಾಣುವುದಿಲ್ಲ. ಹೀಗೆ ಶುರು ಮಾಡಿದರೆ ನೀವು ಹುಬ್ಬೇರಿಸುತ್ತೀರಿ ಎಂದು ಬಲ್ಲೆ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ ನನಗೆ ಬೇರೆ ವಾಕ್ಯ ಸಿಗುತ್ತಿಲ್ಲ. ಸುಧಾ ಎಂಟನೆಯ ಇಯತ್ತೆಯಿಂದ ಕನ್ನಡಕ ಹಾಕಿದವಳು. ಬೆಳಗ್ಗೆ ಎದ್ದ ಕೂಡಲೇ ದಿಂಬಿನ ಪಕ್ಕ ತಡಕಾಡಿ, ಅದು ಸಿಕ್ಕಿ, ಮೂಗಿಗೇರಿದ ಮೇಲೆಯೇ ಅವಳಿಗೆ ಗೋಡೆ ಗೋಡೆಯಾಗಿ, ಗಂಡ ಗಂಡನಾಗಿ ಕಾಣುತ್ತಿದ್ದದ್ದು. ಅಂಥವಳ ಫೋಟೋಕ್ಕೆ ಗಂಧದ ಹಾರ ಹಾಕಿ ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯ ನಮ್ಮ ಮನೆಯ ಹಾಲಿನಲ್ಲಿ ತೂಗುಹಾಕಿದ್ದೇನೆ, ಮತ್ತು ಆ ಫೋಟೋದಲ್ಲಿ ಕನ್ನಡಕವಿಲ್ಲ. ತುಟಿ ಬಿಗಿದು, ಎರಡೂ ಕಿವಿ ಕಾಣುವಂತೆ, ಹಿಂದೆ ಬರೀ ಬಿಳಿ ಪರದೆ ಇಟ್ಟುಕೊಂಡು, ಅವಳು ನನ್ನ ಕಡೆ ಮುಖ ಮಾಡಿದ್ದಾಳೆಯೇ ಹೊರತು ನನ್ನನ್ನು ನೋಡುತ್ತಿಲ್ಲ.

ಅದು ಪಾಸ್‌ಪೋರ್ಟಿಗೆಂದು ತೆಗೆಸಿದ ಫೋಟೋ. ಕರ್ನಿ ಮೆಸಾದಲ್ಲಿ ನನ್ನ ಆಫೀಸಿನ ಹತ್ತಿರದ ಒಂದು ಔಷಧದ ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿ ತೆಗೆಸಿದ್ದೆ. ಅಂಗಡಿಯ ಹುಡುಗಿ ಕನ್ನಡಕ ತೆಗೆಯಲು ಹೇಳಿದಳು, ಅದು ಕಾಯ್ದೆ, ಅದರಲ್ಲಿ ನನ್ನ ತಪ್ಪಿಲ್ಲ. ಸುಧಾ ಕನ್ನಡಕವನ್ನು ನನ್ನ ಕೈಗೆ ಕೊಟ್ಟು, ನಾನು ನಿಂತ ದಿಕ್ಕಿನತ್ತ ಅಂದಾಜಿನಲ್ಲಿ ತಿರುಗಿ, "ನಗ್ಲೇನು?" ಎಂದು ಕೇಳಿದಳು. "ಬ್ಯಾಡ ಬ್ಯಾಡ, ಹಲ್ಲು ಕಾಣಬಾರದು, ಅಪ್ಲಿಕೇಶನ್ ರಿಜೆಕ್ಟ್ ಆಗ್ತದ" ಎಂದೆ. ಮೂವತ್ತು ವರ್ಷ ಟೆಲಿಕಾಂ ಕಂಪನಿಯಲ್ಲಿ ಸ್ಪೆಸಿಫಿಕೇಶನ್ ಓದಿ ಬದುಕಿದ ಮನುಷ್ಯ ನಾನು. ಮನೆಗೆ ಬಂದು ಸ್ಕೇಲು ಹಿಡಿದು ಗದ್ದದಿಂದ ನೆತ್ತಿಯವರೆಗೆ ಅಳತೆ ಸರಿಯಿದೆಯೇ ಎಂದು ನೋಡಿ ಬೀಗಿದೆ. ನಸುನಗೆಗೆ ಅಡ್ಡಿಯಿಲ್ಲ ಎಂದು ಅಳತೆಯ ನಿಯಮವಿದ್ದ ಅದೇ ಕಾಗದದಲ್ಲಿ ನಾಲ್ಕು ಸಾಲು ಕೆಳಗೆ ಬರೆದಿತ್ತು. ಅದನ್ನು ನಾನು ಓದಿದ್ದು ಅವಳು ಹೋದ ಮೇಲೆ.

ಅವಳು ಹೋದದ್ದು ಎರಡು ಸಾವಿರದ ಇಪ್ಪತ್ತೊಂದರ ಚಳಿಗಾಲದಲ್ಲಿ, ಕೊರೋನಾದಲ್ಲಿ ಎಲ್ಲರೂ ಹೋಗುತ್ತಿದ್ದ ಹಾಗೆ, ಆಸ್ಪತ್ರೆಯ ಗಾಜಿನ ಆ ಕಡೆ. ಸುಡುವುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಈಮೇಲಿನಲ್ಲೇ ನಡೆಯಿತು. ಅಂತ್ಯಕ್ರಿಯೆಯವರು ಒಂದು ಫೋಟೋ ಕಳಿಸಿ ಎಂದರು. ಮುಖ ಪೂರ್ತಿ ಕಾಣುವ, ಒಬ್ಬಳೇ ಇರುವ ಫೋಟೋ ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಅದೊಂದೇ. ಅದನ್ನೇ ಕಳಿಸಿದೆ. ವೈಕುಂಠ ಸಮಾರಾಧನೆಯ ವಾಟ್ಸಾಪ್ ಪತ್ರಿಕೆಗೂ ಅದೇ ಹೋಯಿತು, ಹಿಗ್ಗಿಸಿ ಚೌಕಟ್ಟು ಹಾಕಿಸಿದ್ದೂ ಅದೇ. ಫೋನು ಮಾಡಿದವರೆಲ್ಲ, ಮುತ್ತೈದೆಯಾಗಿ ಹೋದರು, ಪುಣ್ಯವಂತರು ಎಂದರು. ಅಂದರೆ ನಾನು ಬದುಕಿರುವುದೇ ಅವಳು ಸಾಧಿಸಿದ ಪುಣ್ಯ. ಸಮಾಧಾನ ಹೇಳುವವರ ಮೇಲೆ ಸಿಟ್ಟು ಮಾಡಬಾರದೆಂದು ಹೂಂ ಹೂಂ ಅನ್ನುತ್ತಿದ್ದೆ.

ಅಸ್ಥಿಯನ್ನು ಮನೆಯೊಳಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಊರಲ್ಲಾದರೆ ಮರಕ್ಕೆ ಕಟ್ಟುತ್ತಿದ್ದರು. ವಿಮಾನಗಳು ನೆಟ್ಟಗೆ ಹಾರದ ಆ ಕಾಲದಲ್ಲಿ, ಕೃಷ್ಣಾ ನದಿಗೆ ಒಯ್ಯುವ ತನಕ ಎಲ್ಲಿಡುವುದು? ಹಿತ್ತಲಿನ ಮರಕ್ಕೆ ಕಟ್ಟಿದರೆ ಕಾಲನಿಯವರು ಕೇಳುತ್ತಾರೆಂದು, ಪೂಜೆ ಹೇಳುವ ಆಚಾರ್ಯರನ್ನು ವಿಡಿಯೋದಲ್ಲೇ ವಿಚಾರಿಸಿದೆ. ಗ್ಯಾರೇಜು ಮನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾವಿಬ್ಬರೂ ಕೂಡಿ ತೀರ್ಮಾನಿಸಿದೆವು. ಹೀಗೆ ಹತ್ತು ತಿಂಗಳು ಸುಧಾ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗೆ, ಮೇಲೊಂದು ನಂಬರು ಅಂಟಿಸಿಕೊಂಡು, ಟಾಯ್ಲೆಟ್ ಪೇಪರಿನ ಗಂಟು ಮತ್ತು ಹಳೆಯ ಪ್ರಿಂಟರಿನ ನಡುವೆ ಕುಳಿತಿದ್ದಳು. ಅಮ್ಮ ಯಾಕೆ ಗ್ಯಾರೇಜಿನಲ್ಲಿದ್ದಾಳೆ ಎಂದು ಮಗಳು ನಿಧಿ ಕೇಳಿದಾಗ ನಾನು ಶಾಸ್ತ್ರ ಹೇಳಿದೆ. ಅವಳು ಕೇಳಿಸಿಕೊಂಡು, ಒಳಗಿನಿಂದ ಅಮ್ಮನ ಶಾಲು ತಂದು ಡಬ್ಬಿಗೆ ಹೊದಿಸಿ ಹೋದಳು.

ನಿಧಿ ನಮಗೆ ಒಬ್ಬಳೇ. ಇಲ್ಲೇ ಹುಟ್ಟಿದವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಲಾಸ್ ಏಂಜಲೀಸಿನಲ್ಲಿ ಕೆಲಸ. ಗೋಡೆಯ ಫೋಟೋಕ್ಕೆ ಅವಳು ಈವರೆಗೆ ಒಮ್ಮೆಯೂ ನಮಸ್ಕಾರ ಮಾಡಿಲ್ಲ. ಅದು ಇಮಿಗ್ರೇಶನ್ನಿನವರ ಅಮ್ಮ, ನನ್ನ ಅಮ್ಮ ಅಲ್ಲ ಅನ್ನುತ್ತಾಳೆ. ನಾಲ್ಕನೆಯ ವರ್ಷದ ಶ್ರಾದ್ಧದೊಳಗೆ ಬೇರೆ ಫೋಟೋ ಹುಡುಕಿಕೊಡಬೇಕು, ಅಮ್ಮ ಕನ್ನಡಕ ಹಾಕಿರಬೇಕು, ನಗುತ್ತಿರಬೇಕು, ಸಾಧ್ಯವಾದರೆ ಪಕ್ಕದಲ್ಲಿ ನೀವೂ ಇರಬೇಕು ಎಂದು ಅಪ್ಪಣೆ ಮಾಡಿದಳು. ಅದೇನು ಮಹಾ ಎಂದುಕೊಂಡೆ. ಫೋನಿನಲ್ಲಿ ಸಾವಿರಗಟ್ಟಲೆ ಫೋಟೋಗಳಿದ್ದವಲ್ಲ.

ಹುಡುಕುವ ಕೆಲಸವನ್ನು ನಾಳೆಗೆ, ನಾಡಿದ್ದಿಗೆ ಮುಂದೂಡುತ್ತಿದ್ದಾಗಲೇ ನಿಧಿ ಒಂದು ಶನಿವಾರ ನನ್ನನ್ನು ಲಾಸ್ ಏಂಜಲೀಸಿನ ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಮನೆಯಲ್ಲಿ ಕೂತು ಕೂತು ಅಪ್ಪ ಗೋಡೆಯಾಗುತ್ತಿದ್ದಾನೆ ಎಂಬ ಚಿಂತೆ ಅವಳಿಗೆ. ನನಗೆ ಕಲ್ಲಿನ ಗ್ರೀಕರು, ರೋಮನ್ನರು, ಅವರ ಮುರಿದ ಮೂಗುಗಳು ಎಲ್ಲ ಒಂದೇ. ಅವರನ್ನೆಲ್ಲ ದಾಟಿ ಎಲ್ಲಾದರೂ ಕಾಫಿ ಸಿಗುತ್ತದೆಯೇ ಎಂದು ನೋಡುತ್ತಿದ್ದವನು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ. ಒಳಗೆ, ಒಂದು ಮೊಳಕ್ಕಿಂತ ಸ್ವಲ್ಪ ಉದ್ದದ, ಸುಟ್ಟ ಮಣ್ಣಿನ ಡಬ್ಬಿಯಿತ್ತು. ಅದರ ಮುಚ್ಚಳದ ಮೇಲೆ ಒಬ್ಬ ಹೆಂಗಸು, ಎಡ ಮೊಣಕೈಯನ್ನು ದಿಂಬಿಗೆ ಊರಿ, ಕಾಲು ಚಾಚಿ, ಊಟಕ್ಕೆ ಕುಳಿತವಳ ಹಾಗೆ ಆರಾಮಾಗಿ ಒರಗಿದ್ದಳು. ತಲೆ ದೊಡ್ಡದು, ಮೈ ಗಿಡ್ಡ, ಮಾಡಿದವನಿಗೆ ಮುಖದ ಮೇಲಿದ್ದ ಅಕ್ಕರೆ ಕಾಲಿನ ಮೇಲಿರಲಿಲ್ಲ. ಕೂದಲಲ್ಲಿ ಕೆಂಪು ಬಣ್ಣದ ಚೂರು ಇನ್ನೂ ಅಂಟಿಕೊಂಡಿತ್ತು. ಅದು ಎಟ್ರಸ್ಕನ್ನರ ಅಸ್ಥಿಪೆಟ್ಟಿಗೆ ಎಂದು ಪಕ್ಕದ ಚೀಟಿ ಹೇಳಿತು. ಅವರು ರೋಮ್ ದೊಡ್ಡದಾಗುವ ಮೊದಲು ಇಟಲಿಯಲ್ಲಿ ಬಾಳಿ, ಆಮೇಲೆ ರೋಮನ್ನರಲ್ಲೇ ಕರಗಿಹೋದ ಜನ. ಸತ್ತವಳನ್ನು ಸುಟ್ಟು, ಬೂದಿಯನ್ನು ಈ ಡಬ್ಬಿಯಲ್ಲಿ ತುಂಬಿ, ಅವಳನ್ನೇ ಅದರ ಮೇಲೆ ಊಟಕ್ಕೆ ಕೂರಿಸಿ ಮುಚ್ಚಿದ್ದರು.

ನಮ್ಮ ಗ್ಯಾರೇಜಿನ ಕಪ್ಪು ಡಬ್ಬಿ ಕಣ್ಣಿಗೆ ಕಟ್ಟಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ, ಹೆಸರು ಕೂಡ ನನಗೆ ಓದಲು ಬಾರದ ಯಾರೋ ಹೆಂಗಸು ಬೂದಿಯಾದ ಮೇಲೂ ದಿಂಬಿಗೊರಗಿ ಉಣ್ಣುತ್ತಿದ್ದಾಳೆ. ನನ್ನವಳಿಗೆ ನಾನು ಕೊಟ್ಟದ್ದು ನಂಬರು ಅಂಟಿಸಿದ ಪ್ಲಾಸ್ಟಿಕ್ಕು. ಚೀಟಿ ಓದುವ ನೆಪದಲ್ಲಿ ಬಗ್ಗಿ ನಿಂತೆ.

ನಿಧಿ ಅಷ್ಟರಲ್ಲಿ ತನ್ನ ಫೋನಿನಲ್ಲಿ ಇನ್ನೊಂದು ಚಿತ್ರ ಹುಡುಕಿ ತೆಗೆದು ನನ್ನ ಮುಂದೆ ಹಿಡಿದಳು. ರೋಮಿನಲ್ಲಿದೆಯಂತೆ ಆ ಎಟ್ರಸ್ಕನ್ ಗೋರಿಪೆಟ್ಟಿಗೆ, ಹೆಚ್ಚು ಕಡಿಮೆ ಆಳುದ್ದದ ಮಣ್ಣಿನ ಮಂಚ, ಅದರ ಮೇಲೆ ಗಂಡ ಹೆಂಡತಿ ಇಬ್ಬರೂ ಒಂದೇ ಹಾಸಿಗೆಗೆ ಒರಗಿದ್ದಾರೆ. ಗಂಡನ ತೋಳು ಹೆಂಡತಿಯ ಹೆಗಲ ಮೇಲಿದೆ. ಇಬ್ಬರ ಮುಖದಲ್ಲೂ ಒಂದೇ ಬಗೆಯ ನಗೆ. ಅವನು ಬರಿಗಾಲಿನಲ್ಲಿದ್ದಾನೆ, ಅವಳು ಚೂಪು ಮೂತಿಯ ಜೋಡು ಮೆಟ್ಟಿಕೊಂಡೇ ಮಂಚ ಹತ್ತಿದ್ದಾಳೆ. ಕೈಗಳಲ್ಲಿ ಇದ್ದದ್ದು ಬಿದ್ದುಹೋಗಿದೆ, ಅತ್ತರಿನ ಕುಡಿಕೆಯೋ, ದಾಳಿಂಬೆಯೋ, ತತ್ತಿಯೋ ಇದ್ದಿರಬೇಕು ಎಂದು ಬಲ್ಲವರು ಊಹಿಸುತ್ತಾರೆ. ತತ್ತಿ ಎಂದಾಗ ಮೂಗು ಮುರಿದೆ; ನಮ್ಮ ಮಡಿಯ ಮನೆಯಲ್ಲಿ ಹೊಸ್ತಿಲು ದಾಟದ ಪದಾರ್ಥ ಅದು. ಆದರೆ ತತ್ತಿಯನ್ನು ಬಿಟ್ಟು ಉಳಿದದ್ದನ್ನು ನೋಡಿದ ಮೇಲೆ ಮೂಗು ಮುರಿಯುವುದಕ್ಕೆ ನನಗೆ ಯಾವ ಹಕ್ಕಿತ್ತೋ ತಿಳಿಯದು.

ಏಕೆಂದರೆ ಆ ಕಾಲದ ಗ್ರೀಕರೂ ಹೀಗೆಯೇ ಮೂಗು ಮುರಿದಿದ್ದರು. ಗ್ರೀಕರ ಮನೆಯಲ್ಲಿ ಔತಣವೆಂದರೆ ಗಂಡಸರದು. ಮಾನವಂತ ಹೆಂಗಸು ಒಳಮನೆಯಲ್ಲಿರಬೇಕು, ಗಂಡಸರ ಪಂಕ್ತಿಯಲ್ಲಿ ಒರಗುವವಳು ಬೆಲೆವೆಣ್ಣು. ಎಟ್ರಸ್ಕನ್ನರ ಹೆಂಡಂದಿರು ಗಂಡಂದಿರ ಜೊತೆ ಒಂದೇ ಹಾಸಿಗೆಗೊರಗಿ ಉಣ್ಣುತ್ತಾರೆ ಎಂಬ ಸುದ್ದಿ ಕೇಳಿ ಅವರು ಬಾಯಿಗೆ ಬಂದದ್ದೆಲ್ಲ ಬರೆದಿಟ್ಟರು. ಎಟ್ರಸ್ಕನ್ನರು ತಾವು ಎಂಥವರೆಂದು ತಾವೇ ಬರೆದ ಪುಸ್ತಕಗಳು ಬಹುತೇಕ ಉಳಿದೇ ಇಲ್ಲ. ಉಳಿದದ್ದು ಗೋರಿಗಳು, ಅಲ್ಲಿನ ಮಣ್ಣು, ಕಲ್ಲು. ಹಾಗಾಗಿ ಅವರ ಪರವಾಗಿ ಸಾಕ್ಷಿ ಹೇಳಲು ಈ ಒರಗಿದ ಹೆಂಗಸರೇ ಮಿಕ್ಕಿದ್ದಾರೆ. ಒಂದು ಸಮಾಜ ತನ್ನ ಸತ್ತ ಹೆಂಗಸನ್ನು ಯಾವ ಭಂಗಿಯಲ್ಲಿ ನೆನಪಿಟ್ಟುಕೊಳ್ಳಲು ಬಯಸುತ್ತದೆ ಎಂಬುದನ್ನು ನೋಡಿದರೆ, ಬದುಕಿದ್ದಾಗ ಅವಳಿಗೆ ಎಲ್ಲಿ ಜಾಗ ಕೊಟ್ಟಿತ್ತೆಂಬುದು ಸ್ವಲ್ಪವಾದರೂ ತಿಳಿಯುತ್ತದೆ. ಮುಂದಿನ ಕಾಲದ ಯಾವನೋ ಪಂಡಿತ ನಮ್ಮ ಹಾಲಿನ ಫೋಟೋವನ್ನು ಅಗೆದು ತೆಗೆದರೆ ಏನು ಬರೆದಾನು? ಈ ಜನ ತಮ್ಮ ಹೆಂಗಸರನ್ನು ಯಾವುದೋ ಸರಕಾರಕ್ಕೆ ತೋರಿಸಲು ಸಿದ್ಧಪಡಿಸುತ್ತಿದ್ದರು ಎಂದು ಬರೆಯಬಹುದು.

ನಿಧಿ ಫೋನು ಜೇಬಿಗಿಟ್ಟು, ಅಮ್ಮ ನಿಮ್ಮ ಜೊತೆ ಹೀಗೆ ಯಾವಾಗಲಾದರೂ ಕೂತು ಊಟ ಮಾಡಿದ್ದು ನನಗೆ ನೆನಪಿಲ್ಲ ಎಂದಳು. ಆರೋಪದ ದನಿಯಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳುವವಳ ದನಿಯಲ್ಲಿ.

"ನಿಮ್ಮ ಅಮ್ಮಗ ಹಂಗ ಸೇರತಿದ್ದಿಲ್ಲವ್ವಾ. ಎಲ್ಲಾರದೂ ಆದ ಮ್ಯಾಲೆ ಶಾಂತಾಗಿ ಒಬ್ಬಾಕಿನ ಉಣ್ಣೂದು ಆಕಿಗೆ ಬೇಕಾಗಿತ್ತು" ಎಂದೆ.

"ಡಿಡ್ ಯೂ ಎವರ್ ಆಸ್ಕ್ ಹರ್, ಅಪ್ಪಾ?" ಎಂದಳು.

ಗೆಳೆಯರೇ, ನನ್ನ ಉತ್ತರ ಸುಳ್ಳಾಗಿರಲಿಲ್ಲ, ಅಂದರೆ ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ನಾವು ಬಿಸಿ ರೊಟ್ಟಿ ಉಣ್ಣುವ ಜನ. ಒಲೆಯಿಂದ ಇಳಿದ ರೊಟ್ಟಿ ಉಣ್ಣುವವನ ತಟ್ಟೆಗೆ ಬೀಳಬೇಕೆಂದರೆ ಬಡಿಯುವವಳು ಒಲೆಯ ಮುಂದೆ ಇರಲೇಬೇಕು. ಇದರಲ್ಲಿ ಯಾರ ಮೇಲೂ ಯಾರ ಜುಲುಮೆಯೂ ಇಲ್ಲವೆಂದು ನಾನು ಮೂವತ್ತೊಂದು ವರ್ಷ ನಂಬಿದ್ದೆ. ನನ್ನ ತಾಯಿಯೂ ಹಾಗೆಯೇ ಉಂಡವಳು, ಅವಳ ತಾಯಿಯೂ. ಅಮೆರಿಕಕ್ಕೆ ಬಂದು ಎಂಟು ಕುರ್ಚಿಗಳ ಊಟದ ಮೇಜು ಕೊಂಡ ಮೇಲೂ ಸುಧಾ ಅಡುಗೆಮನೆಯ ಕಟ್ಟೆಗೆ ಸೊಂಟ ಆನಿಸಿ, ನಿಂತೇ, ಕಿಟಕಿಯ ಕಡೆ ನೋಡುತ್ತ ಉಣ್ಣುತ್ತಿದ್ದಳು. ಅವಳಿಗೆ ಅದೇ ಇಷ್ಟ. ಈ ಮೂರು ಶಬ್ದಗಳೇ ನನ್ನ ಬಳಿ ಉಳಿದಿದ್ದ ಸಮಾಧಾನ, ಮತ್ತು ಮಗಳು ಅದಕ್ಕೆ ಪುರಾವೆ ಕೇಳುತ್ತಿದ್ದಳು. ಒಂದೇ ಒಂದು ಫೋಟೋ ಸಿಕ್ಕಿದ್ದರೆ ಸಾಕಿತ್ತು. ನಾವಿಬ್ಬರೂ ಒಟ್ಟಿಗೆ ಉಣ್ಣುತ್ತಿರುವುದು, ಅವಳು ನಗುತ್ತಿರುವುದು. ಅದನ್ನು ಮಗಳ ಮುಂದೆ ಹಿಡಿದು, ನೋಡು, ಕೂಡಬೇಕು ಅನಿಸಿದಾಗ ನಿಮ್ಮ ಅಮ್ಮ ಕೂತಿದ್ದಾಳೆ ಎಂದು ಹೇಳಬಹುದಿತ್ತು.

ಮನೆಗೆ ಬಂದು ಎರಡು ಕೆಲಸ ಶುರು ಮಾಡಿದೆ. ಒಂದು, ಎಟ್ರಸ್ಕನ್ನರನ್ನು ಓದುವುದು. ಇನ್ನೊಂದು, ಫೋಟೋ ಹುಡುಕುವುದು. ಮೊದಲನೆಯದರಲ್ಲಿ ಸುಖವಿತ್ತು. ಅವರ ಗೋರಿಬರಹಗಳಲ್ಲಿ ಹೆಂಗಸಿಗೆ ಅವಳದೇ ಹೆಸರಿರುತ್ತದೆ, ಎಷ್ಟೋ ಕಡೆ ತಾಯಿಯ ಮನೆತನದ ಹೆಸರೂ ಇರುತ್ತದೆ ಎಂದು ಓದಿದೆ. ರೋಮಿನ ಹೆಂಗಸರಿಗೆ ಅಪ್ಪನ ಮನೆತನದ ಹೆಸರೇ ಸಾಮಾನ್ಯವಾಗಿ ಗತಿಯಾಗಿದ್ದ ಕಾಲವದು. ನಮ್ಮ ಕಡೆ ಮದುವೆಯಲ್ಲಿ ಪರಾತದ, ಅಂದರೆ ಅಗಲ ತಟ್ಟೆಯ, ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಸುಧಾ ಎಂದು ಬರೆದವನು ನಾನೇ. ಅದಕ್ಕೂ ಮೊದಲು ಅವಳು ಇಪ್ಪತ್ಮೂರು ವರ್ಷ ಕಮಲಾ ಆಗಿದ್ದಳು, ಸರ್ಟಿಫಿಕೇಟಿನಲ್ಲಿ, ಪಾಸ್‌ಪೋರ್ಟಿನಲ್ಲಿ ಕೊನೆಯವರೆಗೂ ಕಮಲಾ ಆಗಿಯೇ ಇದ್ದಳು. ಆಸ್ಪತ್ರೆಯಲ್ಲಿ ಕೊನೆಯ ಹನ್ನೊಂದು ದಿನ ನರ್ಸುಗಳು ಅವಳನ್ನು ಕಮಲಾ ಎಂದೇ ಕೂಗಿರಬೇಕು. ಅವಳಿಗೆ ಅದು ಹೇಗೆ ಕೇಳಿಸಿತೋ, ತವರಿನ ಯಾರೋ ಬಂದಂತೆ ಕೇಳಿಸಿತೋ. ಕೇಳಲು ಆಗಲಿಲ್ಲ.

ಓದುತ್ತ ಹೋದಂತೆ ಆ ಸುಖವೂ ಸವೆಯಿತು. ನಾನು ಮ್ಯೂಸಿಯಮ್ಮಿನಲ್ಲಿ ಕಂಡಂಥ ಸಣ್ಣ ಮಣ್ಣಿನ ಪೆಟ್ಟಿಗೆಗಳನ್ನು ಅಚ್ಚಿನಲ್ಲಿ ಒತ್ತಿ ರಾಶಿ ರಾಶಿ ಮಾಡುತ್ತಿದ್ದರಂತೆ. ನೇಗಿಲು ಹಿಡಿದು ಬಡಿದಾಡುವ ಒಬ್ಬನ ಚಿತ್ರ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾಗೆ ಹಾಗೇ ಬರುತ್ತದೆ. ಮುಚ್ಚಳದ ಮುಖಗಳೂ ಎಷ್ಟೋ ಸಲ ಮಾದರಿ ನೋಡಿ ಮಾಡಿದವೇ. ಹೆಸರು ಗೀಚಿದ ಮೇಲೆ ಅದು ಇಂಥವಳದಾಗುತ್ತಿತ್ತು. ಅಂದರೆ ಸಾಧಾರಣ ಕಸುಬಿನವರೂ ಅಂಗಡಿಗೆ ಹೋಗಿ, ಒರಗಿ ಕುಳಿತ ಹೆಂಗಸೊಬ್ಬಳನ್ನು ತಮ್ಮ ಕೈಗೆಟಕುವ ಹಾಗೆ ಕೊಂಡು ತರುತ್ತಿದ್ದರು. ಬದುಕಿದ್ದಾಗ ಆ ಹೆಂಗಸು ನಿಜವಾಗಿ ಒರಗಿ ಉಂಡಿದ್ದಳೋ, ಅಥವಾ ಜೀವಮಾನವೆಲ್ಲ ನಿಂತೇ ಇದ್ದವಳನ್ನು ಸತ್ತ ಮೇಲೆ ಅಚ್ಚು ಕೂರಿಸಿತೋ, ಯಾರು ಬಲ್ಲರು? ಇನ್ನು ಸಿರಿವಂತರ ಗೋರಿಗಳ ಗೋಡೆಚಿತ್ರಗಳಲ್ಲಿ ಗಂಡ ಹೆಂಡತಿ ಒರಗಿರುವ ಮಂಚದ ಪಕ್ಕ, ಕೈಯಲ್ಲಿ ಪಾನದ ಪಾತ್ರೆ ಹಿಡಿದು ಆಳುಗಳು ನಿಂತಿರುತ್ತಾರೆ. ಅವರಿಗೆ ಹೆಸರಿಲ್ಲದ್ದೇ ಹೆಚ್ಚು. ಒರಗಿದವಳನ್ನು ಕಂಡು ಅಷ್ಟು ಹೊತ್ತು ಕರಗಿದ್ದ ನನಗೆ, ಸುಧಾ ಆ ಚಿತ್ರದಲ್ಲಿ ಎಲ್ಲಿದ್ದಾಳೆ ಎಂಬುದು ಆಗ ಹೊಳೆಯಿತು. ಅವಳು ಮಂಚದ ಮೇಲಿಲ್ಲ. ಪುಸ್ತಕ ಮುಚ್ಚಿಟ್ಟೆ.

ಎರಡನೆಯ ಕೆಲಸದಲ್ಲಿ ಸುಖವೇ ಇರಲಿಲ್ಲ. ಹುಟ್ಟುಹಬ್ಬದ ಫೋಟೋದಲ್ಲಿ ಕೇಕಿನ ಹಿಂದೆ ಬಳೆ ತೊಟ್ಟ ಒಂದು ತೋಳು. ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಬುತ್ತಿಯ ಚೀಲ ಹೊತ್ತು ಬೆನ್ನು ತೋರಿಸಿದ ಒಂದು ಸೀರೆ. ಗೆಳೆಯರ ಮನೆಯ ಗಣಪತಿ ಹಬ್ಬದಲ್ಲಿ ನನ್ನ ತಟ್ಟೆಯ ಮೇಲೆ ಬಾಗಿದ ಸೌಟು, ಸೌಟಿನಾಚೆ ಚೌಕಟ್ಟು ಮುಗಿದಿದೆ. ಎಷ್ಟೋ ಫೋಟೋಗಳಲ್ಲಿ ಅವಳು ಇಲ್ಲವೇ ಇಲ್ಲ, ಯಾಕೆಂದರೆ ತೆಗೆದವಳು ಅವಳು. ನಾನೂ ನಿಧಿಯೂ ನಗುತ್ತಿದ್ದೇವೆ, ನಮ್ಮ ಕಾಲ ಬಳಿ ಅವಳ ನೆರಳು ಬಿದ್ದಿದೆ. ಮುಖ ಗುರುತು ಹಿಡಿಯುವ ಒಂದು ವ್ಯವಸ್ಥೆ ಫೋನಿನಲ್ಲಿದೆಯಲ್ಲ, ನಿಧಿ ಅದನ್ನು ಹಚ್ಚಿಕೊಟ್ಟಳು. ಅದು ಪಾಸ್‌ಪೋರ್ಟಿನ ಫೋಟೋ ಒಂದು ಕಡೆ, ಕನ್ನಡಕ ಹಾಕಿ ಒಲೆಯ ಮುಂದೆ ಅರ್ಧ ತಿರುಗಿದ ಸುಧಾಳ ಫೋಟೋ ಒಂದು ಕಡೆ ಇಟ್ಟು, ಇವರಿಬ್ಬರೂ ಒಬ್ಬರೇ ಏನು ಎಂದು ನನ್ನನ್ನೇ ಕೇಳಿತು. ಹೌದು ಎಂದು ಒತ್ತುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಒಂದೇ ಮೇಜಿಗೆ ಕೂತ ಒಂದು ಫೋಟೋವೂ ಸಿಗಲಿಲ್ಲ.

ಶ್ರಾದ್ಧಕ್ಕೆ ಎರಡು ವಾರವಿರುವಾಗ ಲಾಸ್ ಏಂಜಲೀಸಿನ ಹತ್ತಿರದ ವೆಸ್ಟ್ ಕೊವಿನಾದಿಂದ ಗುರುರಾಜನ ಫೋನು ಬಂತು. ಗುರುರಾಜ ನಮ್ಮ ಬಾಗಲಕೋಟೆಯವನೇ, ನನ್ನ ಜೊತೆ ಕಾಲೇಜಿನಲ್ಲಿ ಓದಿದವನು; ನಾವು ಬಂದ ಹೊಸತರಲ್ಲಿ ಹಬ್ಬ ಹುಣ್ಣಿವೆಗೆಲ್ಲ ಸ್ಯಾನ್ ಡಿಯಾಗೋದಿಂದ ಅವನ ಮನೆಗೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆವು. "ಶ್ರೀಪಾದ, ಹಳೇ ಟೇಪು ಎಲ್ಲಾ ಡಿಜಿಟಲ್ ಮಾಡಿಸೇನಿ. ಒಂದರಾಗ ಸುಧಾ ವೈನಿ ಭಾಳ ಛಲೋ ಬಂದಾರ. ನಿಧಿನ್ನೂ ಕರಕೊಂಡ ಬಾ, ಇಲ್ಲೇ ಊಟ" ಎಂದ.  ಹೊಸದಾಗಿ ಹೆಣ್ಣು ನೋಡಲು ಹೊರಟವನ ಹಾಗೆ ಗಡ್ಡ ಹೆರೆದು, ಇಸ್ತ್ರಿಯ ಅಂಗಿ ತೊಟ್ಟು ಭಾನುವಾರ ಬೆಳಗ್ಗೆ ಹೊರಟೆ.

ನಿಧಿ ನನಗಿಂತ ಮೊದಲೇ ಬಂದು ಗುರುರಾಜನ ಹಾಲಿನಲ್ಲಿ ಕೂತಿದ್ದಳು. ಅವನ ಹೆಂಡತಿ ವಿಮಲಾ ಅಡುಗೆಮನೆಯಿಂದಲೇ ಕ್ಷೇಮ ಕೇಳಿದರು. ಟಿವಿಯಲ್ಲಿ ಇದೇ ಮನೆ, ಇಪ್ಪತ್ತೆರಡು ವರ್ಷ ಚಿಕ್ಕದಾಗಿ ಕಾಣಿಸಿತು. ದೀಪಾವಳಿಯ ಊಟ. ಗುರುರಾಜ ಕ್ಯಾಮರಾವನ್ನು ಕಪಾಟಿನ ಮೇಲಿಟ್ಟು ಬಂದು ತಾನೂ ಊಟಕ್ಕೆ ಕೂತಿರಬೇಕು. ಚಿತ್ರ ಅಲುಗದೆ ಮೇಜನ್ನೇ ನೋಡುತ್ತಿತ್ತು. ಆರೇಳು ಜನ ಗಂಡಸರು. ಕಪ್ಪು ಮೀಸೆಯ ನಾನು, ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ ಯಾರದೋ ಮ್ಯಾನೇಜರನ ಮೇಲೆ ಏನೋ ಹೇಳಿ ನಗಿಸುತ್ತಿದ್ದೇನೆ. ನನ್ನ ಎಡಗಡೆಯ ಕುರ್ಚಿ ಖಾಲಿಯಿದೆ.

ಆಮೇಲೆ ಸುಧಾ ಬಂದಳು. ಹಸಿರು ಸೀರೆ, ಕನ್ನಡಕ, ಹಣೆಯಲ್ಲಿ ಬೆವರು. ಕೈಯಲ್ಲಿ ಸೌಟಿರಲಿಲ್ಲ. ತಟ್ಟೆ ಇತ್ತು. ತನಗೆಂದು ಬಡಿಸಿಕೊಂಡ ತಟ್ಟೆ, ಒಂದು ಹೋಳಿಗೆ, ಒಂದಿಷ್ಟು ಕೋಸಂಬರಿ. ಖಾಲಿ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ಎಳೆಯಲೋ ಬೇಡವೋ ಎನ್ನುವಂತೆ ಒಂದು ಕ್ಷಣ ನಿಂತು, ನನ್ನ ಕಡೆ ನೋಡಿ ನಕ್ಕಳು. ನಾನು ತಲೆ ಎತ್ತಲಿಲ್ಲ. ಟಿವಿಯಲ್ಲಿ ನನ್ನದೇ ದನಿ ಸ್ಪಷ್ಟವಾಗಿ ಕೇಳಿತು: "ಏ, ಕಟ್ಟಿನ ಸಾರು ತಾ ಇಲ್ಲೆ."

ಅವಳು ತಟ್ಟೆಯನ್ನು ಪಕ್ಕದ ಕಪಾಟಿನ ಮೇಲಿಟ್ಟು ಒಳಗೆ ಹೋದಳು. ಬಿಸಿ ಸಾರಿನ ಪಾತ್ರೆ ಹಿಡಿದು ಬಂದಾಗ ಕನ್ನಡಕಕ್ಕೆ ಹಬೆ ಕವಿದಿತ್ತು. ನನಗೆ ಬಡಿಸಿದಳು, ನನ್ನ ಆಚೆಯವನಿಗೆ ಬಡಿಸಿದಳು. ಅಷ್ಟರಲ್ಲಿ ತಡವಾಗಿ ಬಂದ ಯಾರೋ ಒಬ್ಬ ಕೈ ತೊಳೆದುಕೊಂಡು ಬಂದು ಆ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಅವಳು ಅವನಿಗೂ ಬಡಿಸಿ, ಕಪಾಟಿನ ಮೇಲಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಕಾಣಲಿಲ್ಲ. ಮೇಜಿನ ಸುತ್ತ ನಗು ಮುಂದುವರಿಯಿತು, ಎಲ್ಲರಿಗಿಂತ ನನ್ನದೇ ಜೋರು.

ನಿಧಿ ರಿಮೋಟು ತೆಗೆದುಕೊಂಡು ಹಿಂದಕ್ಕೆ ಓಡಿಸಿ, ಸುಧಾ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನಗುವಲ್ಲಿ ನಿಲ್ಲಿಸಿದಳು. ಕನ್ನಡಕವಿತ್ತು. ನಗೆಯಿತ್ತು. ಪಕ್ಕದಲ್ಲಿ ನಾನೂ ಇದ್ದೆ. ನಿಧಿ ಕೇಳಿದ್ದೆಲ್ಲ ಆ ಚಿತ್ರದಲ್ಲಿ ಒಂದೂ ಬಿಡದೆ ಇತ್ತು. ಎದ್ದು ಹೋಗಿ ಟಿವಿಯ ಮುಂದೆ ನಿಂತು ತನ್ನ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು. ನನ್ನ ಕಡೆ ತಿರುಗಿ ಏನಾದರೂ ಅಂದುಬಿಡಲಿ, ಬೈದುಬಿಡಲಿ ಎಂದು ಕಾದೆ. ಅವಳು ಬಂದು ನನ್ನ ಪಕ್ಕ ಕೂತು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ಅವಳಿಗೆ ಅದೇ ಇಷ್ಟ ಎಂದುಕೊಂಡು ನಾಲ್ಕು ವರ್ಷ ನಿದ್ದೆ ಮಾಡಿದ್ದೆನಲ್ಲ, ಅದೆಲ್ಲ ಹೋಯಿತು. ಸುಧಾ ಕೂತುಕೊಳ್ಳಲು ಬಂದಿದ್ದಳು. ಎಷ್ಟು ಸಲ ಬಂದಿದ್ದಳೋ, ಎಷ್ಟನೆಯ ಸಲಕ್ಕೆ ಬರುವುದು ಬಿಟ್ಟಳೋ, ಯಾವ ಟೇಪಿನಲ್ಲೂ ಅದಿಲ್ಲ.

"ಯಾಕ ಹಂಗ ಕೂತೀರಿ? ಏಳ್ರಿ, ರೊಟ್ಟಿ ಆರತಾವ" ಎಂದು ವಿಮಲಾ ಕರೆದರು. ಮೇಜಿನ ಬಳಿ ಹೋಗಿ, "ನೀವೂ ಕೂಡ್ರಿ ನಮ್ಮ ಜೋಡಿ" ಎಂದೆ. ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಅಯ್ಯ, ನಾ ಆಮ್ಯಾಲೆ ಕೂಡತೀನಿ. ಬಿಸಿ ಹಾಕೋರು ಯಾರು ಮತ್ತ?" ಎಂದು ಅವರು ನಕ್ಕು ಒಳಗೆ ಹೋದರು. ಗುರುರಾಜ ಆಗಲೇ ರೊಟ್ಟಿ ಮುರಿದಿದ್ದ. ನಿಧಿ ನನ್ನ ಎಡಗಡೆಯ ಕುರ್ಚಿ ಎಳೆದುಕೊಂಡು, ತಟ್ಟೆಗೆ ಬಡಿಸಿಕೊಂಡು ಕೂತಳು. ಎದ್ದು ಒಳಗೆ ಹೋಗಿ, ವಿಮಲಾ ಅವರನ್ನು ಕೂರಿಸಿ, ನಾನೇ ಒಲೆಯ ಮುಂದೆ ನಿಲ್ಲಬೇಕು ಎಂದುಕೊಂಡೆ. ನಿಜವಾಗಿ ಅಂದುಕೊಂಡೆ. ಆದರೆ ಮುಂದೆ ಬಿಸಿ ರೊಟ್ಟಿ ಇತ್ತು, ಎಣ್ಣೆಗಾಯಿ ಇತ್ತು, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸುಧಾಳನ್ನೇ ನೆನೆಯುತ್ತ ಉಣ್ಣತೊಡಗಿದೆ. ಆ ಹಸಿರು ಸೀರೆ ಈಗ ಯಾವ ಪೆಟ್ಟಿಗೆಯಲ್ಲಿದೆ, ಹೋಳಿಗೆಯನ್ನು ಅವಳು ಆಮೇಲಾದರೂ ತಿಂದಳೋ ಇಲ್ಲವೋ ಎಂದು ಯೋಚಿಸುತ್ತ, ಅನ್ನ ಕಲಸಿ, ಸಾರು ಸಾಲದೆನಿಸಿ ಬಟ್ಟಲನ್ನು ಎಡಕ್ಕೆ ಚಾಚಿದೆ. ಬಟ್ಟಲು ಕೈಯಿಂದ ಹೋಯಿತು, ತುಂಬಿ ಮರಳಿ ಬಂತು. ಹಬೆ ಮುಖಕ್ಕೆ ತಗುಲಿದಾಗ ತಲೆ ಎತ್ತಿದೆ.

ನಿಧಿ ಸೌಟು ಹಿಡಿದು ನಿಂತಿದ್ದಳು. ಅವಳ ಕುರ್ಚಿ ಹಿಂದೆ ಸರಿದಿತ್ತು, ತಟ್ಟೆಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು. ಇವತ್ತಿನ ಮಟ್ಟಿಗೆ ಅಪ್ಪನನ್ನು ನೋಯಿಸಬಾರದೆಂದು ಎದ್ದಿದ್ದಳು, ಅದು ಅವಳ ಮುಖದಲ್ಲೇ ಇತ್ತು. "ಕೂಡು" ಎನ್ನಲು ಬಾಯಿ ತೆರೆದೆ. ಬಾಯಲ್ಲಿ ತುತ್ತಿತ್ತು.